ಒಣನೆಲದಲ್ಲಿ ಸೋರುವ ವಿದ್ಯುತ್ತು

ಮಣ್ಣಿನಲ್ಲಿ ವಿದ್ಯುತ್ತು ಹರಿಯುವುದು ಮುಖ್ಯವಾಗಿ ಅದರ ಕಣಗಳ ನಡುವೆ ನಿಂತ ತೇವ ಮತ್ತು ಆ ತೇವದಲ್ಲಿ ಕರಗಿದ ಲವಣಗಳ ಮೂಲಕ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಹಿರಿಯೂರು ಮತ್ತು ಚಳ್ಳಕೆರೆಯ ಕಡೆ ಅದಕ್ಕಿಂತಲೂ ಕಡಿಮೆ ಕಾಣುವ ಚಿತ್ರದುರ್ಗ ಜಿಲ್ಲೆಯಲ್ಲಿ, ಮನೆಯ ಮಗ್ಗುಲಲ್ಲಿ ಹೂತ ಅರ್ಥಿಂಗ್ ಪೈಪು ಆಪತ್ತಿನ ಹೊತ್ತಿಗೆ ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಬಹುಪಾಲು ಈ ತೇವವೇ ತೀರ್ಮಾನಿಸುತ್ತದೆ. ಕೋಟೆಯ ಸುತ್ತಲಿನ ಕಲ್ಲುಬೆಟ್ಟಗಳ ತಪ್ಪಲಲ್ಲಿ ಒಂದೆರಡು ಅಡಿ ಅಗೆದರೆ ಬಂಡೆ ಸಿಗುತ್ತದೆ. ಹೊಸದುರ್ಗ ಮತ್ತು ಹೊಳಲ್ಕೆರೆಯ ಕೆಮ್ಮಣ್ಣು ಬೇಗ ಕುಡಿದು ಬೇಗ ಒಣಗುತ್ತದೆ. ಹಿರಿಯೂರಿನ ಕಪ್ಪುಮಣ್ಣು ಮಳೆಗಾಲದಲ್ಲಿ ಚೆನ್ನಾಗಿ ವಿದ್ಯುತ್ತನ್ನು ಒಯ್ದರೂ ಬೇಸಿಗೆಯಲ್ಲಿ ಬಿರುಕುಬಿಟ್ಟು ಪೈಪಿನ ಮೈಯಿಂದ ಕಳಚಿಕೊಳ್ಳುತ್ತದೆ. ಇಂಥ ನೆಲದಲ್ಲಿ ‘ಅರ್ಥಿಂಗ್ ಇದೆ, ಫ್ಯೂಸ್ ಇದೆ, ಇನ್ನೇನು ಭಯ’ ಎಂಬ ಮಾತು ಸರಳ ಗಣಿತದ ಮುಂದೆ ನಿಲ್ಲುವುದಿಲ್ಲ. ಆ ಗಣಿತವನ್ನು ಮೊದಲು ಮಾಡಿಕೊಂಡರೆ, ಭೂಸೋರಿಕೆ ರಕ್ಷಣೆಯ ಸಾಧನವನ್ನು ಎಲ್ಲಿ ಹೇಗೆ ಕೂರಿಸಬೇಕು, ಯಾವ ಋತುವಿನಲ್ಲಿ ಏನನ್ನು ಪರೀಕ್ಷಿಸಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಊರಿನ ಟಿ.ಸಿ.ಯಲ್ಲಿ, ಅಂದರೆ ವಿತರಣಾ ಪರಿವರ್ತಕದಲ್ಲಿ, ಮೂರು ಫೇಸುಗಳ ಕೂಡುವ ಬಿಂದುವಾದ ನ್ಯೂಟ್ರಲ್ಲನ್ನು ಅಲ್ಲೇ ಭೂಮಿಗೆ ಸೇರಿಸಿರುತ್ತಾರೆ. ಗ್ರಾಹಕನ ಮನೆಗೆ ಬರುವುದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಮೂರನೆಯದಾದ ಅರ್ಥ್ ತಂತಿಯನ್ನು ಗ್ರಾಹಕ ತನ್ನ ಅಂಗಳದಲ್ಲಿ ಹೂತ ಪೈಪಿನಿಂದ ತಾನೇ ಒದಗಿಸಿಕೊಳ್ಳಬೇಕು. ಗೀಸರಿನ ಒಳತಂತಿ ಸವೆದು ಫೇಸ್ ಅದರ ಲೋಹದ ಮೈಗೆ ತಾಗಿದಾಗ, ವಿದ್ಯುತ್ತು ಅರ್ಥ್ ತಂತಿಯಲ್ಲಿ ಇಳಿದು, ಮನೆಯ ಪೈಪಿನಿಂದ ಮಣ್ಣಿಗೆ ಹೊಕ್ಕು, ಮಣ್ಣಿನಲ್ಲಿ ಪಯಣಿಸಿ, ಟಿ.ಸಿ.ಯ ಬುಡದ ಅರ್ಥಿಂಗಿನಲ್ಲಿ ಮೇಲೆದ್ದು ನ್ಯೂಟ್ರಲ್ಲಿಗೆ ಮರಳುತ್ತದೆ. ಈ ಹಾದಿಯಲ್ಲಿ ಮಣ್ಣಿನ ಭಾಗವೇ ಅತಿ ಕಷ್ಟದ್ದು. ಭೂಸಂಪರ್ಕದ ಭಾರತೀಯ ಮಾನಕವಾದ ಐಎಸ್ 3043ರಲ್ಲಿರುವ ಸೂತ್ರವನ್ನು ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ವ್ಯಾಸದ ಪೈಪಿಗೆ ಅನ್ವಯಿಸಿದರೆ, ಪೈಪಿನ ರೋಧವು ಓಮ್‌ಗಳಲ್ಲಿ, ಮಣ್ಣಿನ ರೋಧಶೀಲತೆಯ ಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗವೆಂದು ತಿಳಿಯುತ್ತದೆ. ರೋಧಶೀಲತೆ ಎಂದರೆ ಒಂದು ಮೀಟರ್ ಘನದಷ್ಟು ಮಣ್ಣು ವಿದ್ಯುತ್ತಿಗೆ ಒಡ್ಡುವ ಅಡ್ಡಿ, ಅದನ್ನು ಓಮ್-ಮೀಟರ್‌ಗಳಲ್ಲಿ ಹೇಳುತ್ತಾರೆ. ತೇವವಿರುವ ಕಪ್ಪುಮಣ್ಣಿನಲ್ಲಿ ಅದು 20 ಇದ್ದರೆ ಪೈಪಿನ ರೋಧ 7 ಓಮ್. ಸಾಧಾರಣ ಮಣ್ಣಿನಲ್ಲಿ 100 ಇದ್ದರೆ 35 ಓಮ್. ಒಣಗಿದ ಗರಸು ಮತ್ತು ಕಲ್ಲುಮಿಶ್ರಿತ ನೆಲದಲ್ಲಿ 1000 ಮುಟ್ಟಿದರೆ 350 ಓಮ್.

ಈಗ ನಡುವಣ ಸಂಖ್ಯೆಯನ್ನೇ ತೆಗೆದುಕೊಂಡು ನೋಡಬಹುದು. ಮನೆಯ ಪೈಪು 35 ಓಮ್, ಟಿ.ಸಿ.ಯದು 5 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನ ಒತ್ತಡದಲ್ಲಿ ದೋಷದ ಹಾದಿಯಲ್ಲಿ ಹರಿಯುವುದು ಆರು ಆಂಪಿಯರ್‌ಗೂ ಕಡಿಮೆ. ಗೀಸರಿನ ಸಾಲಿಗೆ ಹಾಕಿರುವ 16 ಆಂಪಿಯರ್‌ನ ಎಂಸಿಬಿಗೆ, ಅಂದರೆ ಹೆಚ್ಚು ಹೊರೆ ಬಿದ್ದಾಗ ತಾನಾಗಿ ಬೀಳುವ ಸ್ವಿಚ್ಚಿಗೆ, ಇದು ದೋಷವೆಂದೇ ತೋರುವುದಿಲ್ಲ. ‘ಸಿ’ ಬಗೆಯ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ ತನ್ನ ಅಂಕಿತದ ಐದರಿಂದ ಹತ್ತು ಪಟ್ಟು, ಎಂದರೆ 80ರಿಂದ 160 ಆಂಪಿಯರ್ ಬೇಕು. ಹೀಗಾಗಿ ಎಂಸಿಬಿ ನಿಂತೇ ಇರುತ್ತದೆ, ಗೀಸರಿನ ಮೈ ಸುಮಾರು 200 ವೋಲ್ಟಿನಲ್ಲಿ ನಿಂತಿರುತ್ತದೆ, ಮೀಟರು ತಿರುಗುತ್ತಿರುತ್ತದೆ, ಸುಮಾರು 1.3 ಕಿಲೋವಾಟ್ ಶಕ್ತಿಯ ಬಹುಪಾಲು ಪೈಪಿನ ಸುತ್ತಲ ಮಣ್ಣನ್ನು ಕಾಯಿಸುತ್ತ ಅಲ್ಲಿ ಉಳಿದಿದ್ದ ತೇವವನ್ನೂ ಆರಿಸುತ್ತದೆ. ಅದೇ ಮನೆಗೆ ಒಂದೇ ಅರ್ಥ್ ತಂತಿ ಇರುವುದರಿಂದ ದೋಷವಿಲ್ಲದ ವಾಷಿಂಗ್ ಮೆಷಿನ್ ಮತ್ತು ಫ್ರಿಜ್ಜಿನ ಮೈಗಳಿಗೂ ಆ 200 ವೋಲ್ಟ್ ಹಬ್ಬುತ್ತದೆ. ಕಲ್ಲುನೆಲದ 350 ಓಮ್‌ಗಳ ಲೆಕ್ಕದಲ್ಲಂತೂ ದೋಷದ ಪ್ರವಾಹ ಮುಕ್ಕಾಲು ಆಂಪಿಯರ್ ಕೂಡ ಆಗುವುದಿಲ್ಲ. ನೆಲವೇ ಒಯ್ಯಲಾರದ ಹೊರೆಯನ್ನು ಫ್ಯೂಸಿನಿಂದ ನಿರೀಕ್ಷಿಸುವ ಈ ತಪ್ಪು ಗ್ರಹಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅರ್ಥಿಂಗ್ ಚೆನ್ನಾಗಿದೆಯೇ ಎಂದು ನೋಡಲು ಫೇಸಿಗೂ ಅರ್ಥಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯುವ ಪದ್ಧತಿ ಇಂದಿಗೂ ಉಳಿದಿದೆ. 100 ವಾಟಿನ ಬಲ್ಬಿನ ಬಿಸಿರೋಧವೇ 529 ಓಮ್ ಇರುವಾಗ, ಅದರೊಂದಿಗೆ 100 ಓಮ್‌ಗಳ ಕೆಟ್ಟ ಅರ್ಥಿಂಗ್ ಸೇರಿದರೂ ಬಲ್ಬಿಗೆ 190 ವೋಲ್ಟಿಗಿಂತ ಹೆಚ್ಚು ಸಿಕ್ಕು ಅದು ಸೊಗಸಾಗಿಯೇ ಉರಿಯುತ್ತದೆ.

ಮನುಷ್ಯನ ದೇಹಕ್ಕೆ ಬೇಕಾದ ಲೆಕ್ಕವಾದರೋ ಆಂಪಿಯರ್‌ಗಳದ್ದಲ್ಲ, ಅದರ ಸಾವಿರದ ಒಂದು ಭಾಗವಾದ ಮಿಲಿಆಂಪಿಯರ್‌ಗಳದ್ದು. ಅರ್ಧ ಮಿಲಿಆಂಪಿಯರ್‌ನಲ್ಲಿ ಜುಮ್ಮೆನ್ನುವ ಅರಿವು, ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ, ಮೂವತ್ತನ್ನು ಮೀರಿ ಕೆಲ ಕ್ಷಣ ಉಳಿದರೆ ಉಸಿರಾಟಕ್ಕೆ ತಡೆ, ಇನ್ನೂ ಮೇಲೆ ಹೋದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಅದುರತೊಡಗಿ ರಕ್ತವನ್ನು ಮುಂದೊತ್ತದ ಸ್ಥಿತಿ. ಕೈಯಿಂದ ಕಾಲಿಗೆ ಹರಿಯುವಾಗ ದೇಹದ ರೋಧ ಸಾವಿರ ಓಮ್ ಎಂದು ಹಿಡಿದರೆ 230 ವೋಲ್ಟ್ ತಾಗಿದವನಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಅಷ್ಟು ಪ್ರವಾಹವೂ ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದೊಳಗೆ ಕಡಿದುಹೋದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಒಂದು ಸೆಕೆಂಡು ಉಳಿದರೆ ಬಹಳ ಕಡಿಮೆ. ಮೂವತ್ತು ಮಿಲಿಆಂಪಿಯರ್ ಎಂದು ಮೈಮೇಲೆ ಬರೆದಿರುವ ಭೂಸೋರಿಕೆ ರಕ್ಷಣೆಯ ಸಾಧನವು ಪ್ರವಾಹವನ್ನು ಮೂವತ್ತಕ್ಕೆ ಮಿತಿಗೊಳಿಸುತ್ತದೆಂದು ಹಲವರು ಭಾವಿಸುವುದುಂಟು. ಅದು ಪ್ರವಾಹವನ್ನು ಮಿತಿಗೊಳಿಸುವುದಿಲ್ಲ, ಪ್ರವಾಹ ಹರಿಯುವ ಕಾಲವನ್ನು ಮಿತಿಗೊಳಿಸುತ್ತದೆ. ಆದ್ದರಿಂದಲೇ ಅದರ ಪರೀಕ್ಷೆ ಎಂದರೆ ಮುಖ್ಯವಾಗಿ ಕಾಲದ ಪರೀಕ್ಷೆ.

ಆರ್‌ಸಿಸಿಬಿ ಎಂದು ಕರೆಯುವ ಈ ಸಾಧನದ ಒಳಗೆ ಲೋಹದ ಒಂದು ಬಳೆಯಿದ್ದು, ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ನಡುವಿನಿಂದ ಹಾದುಹೋಗುತ್ತವೆ. ಹೋದ ಪ್ರವಾಹವೆಲ್ಲ ನ್ಯೂಟ್ರಲ್ಲಿನಲ್ಲೇ ಮರಳಿದರೆ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಕೊಂಡು ಬಳೆ ಸುಮ್ಮನಿರುತ್ತದೆ. ಒಂದು ಪಾಲು ಮಣ್ಣಿನ ಹಾದಿ ಹಿಡಿದರೆ ಆ ಕೊರತೆಯಷ್ಟು ಕಾಂತಕ್ಷೇತ್ರ ಉಳಿದು, ಬಳೆಗೆ ಸುತ್ತಿದ ಸಣ್ಣ ತಂತಿಯಲ್ಲಿ ಪ್ರವಾಹ ಹುಟ್ಟಿ, ಅದು ಕೊಕ್ಕೆಯನ್ನು ಸಡಿಲಿಸಿ ಎರಡೂ ತಂತಿಗಳನ್ನು ಕಡಿಯುತ್ತದೆ. ಅಂಗಡಿಗಳಲ್ಲಿ ಇದನ್ನು ಇಎಲ್‌ಸಿಬಿ ಎಂದೇ ಕೇಳುತ್ತಾರೆ, ಆದರೆ ಆ ಹೆಸರಿನ ಹಳೆಯ ಸಾಧನ ಬೇರೆ: ಅದು ಅರ್ಥ್ ತಂತಿಯಲ್ಲಿ ಏಳುವ ವೋಲ್ಟೇಜನ್ನು ನೋಡಿ ಕೆಲಸ ಮಾಡುತ್ತಿದ್ದುದರಿಂದ, ಸೋರಿಕೆ ಅರ್ಥ್ ತಂತಿಯನ್ನು ಬಿಟ್ಟು ಮನುಷ್ಯನ ಮೂಲಕ ನೇರವಾಗಿ ನೆಲಕ್ಕೆ ಇಳಿದರೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಹೊಸ ಬಗೆಯ ಸಾಧನ ಜನರ ಜೀವ ಕಾಯುವಷ್ಟು ಸೂಕ್ಷ್ಮವಾದದ್ದು 1950ರ ದಶಕದಲ್ಲಿ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗಾಗಿ ಹೆನ್ರಿ ರೂಬಿನ್ ಎಂಬ ಎಂಜಿನಿಯರ್ ಅದನ್ನು ಬೆಳೆಸಿದರೆ, 1961ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಅಮೆರಿಕದ ಮನೆಗಳಿಗೆ ಒಗ್ಗುವ ರೂಪ ಕೊಟ್ಟರು. ಎಷ್ಟು ಪ್ರವಾಹದವರೆಗೆ ಮನುಷ್ಯ ತಂತಿಯನ್ನು ಬಿಡಬಲ್ಲ ಎಂಬ ಪ್ರಯೋಗಗಳೂ ಡಾಲ್ಜಿಯಲ್ ಅವರವೇ. ಕನ್ನಡ ನಾಡಿನ ವಿದ್ಯುತ್ತು ಕೂಡ 1902ರಲ್ಲಿ ಶಿವನಸಮುದ್ರದಿಂದ ಹೊರಟಾಗ ಮೊದಲು ಸೇರಿದ್ದು ಕೋಲಾರದ ಚಿನ್ನದ ಗಣಿಯನ್ನು, ಮನೆಗಳ ಸರದಿ ಆಮೇಲಿನದು; ವಿದ್ಯುತ್ತಿಗೂ ಅದರ ಕಾವಲಿಗೂ ಗಣಿಯೇ ಮೊದಲ ಮನೆಯಾದದ್ದು ಕಾಕತಾಳೀಯವಿರಲಾರದು, ಅಪಾಯವೂ ಹಣವೂ ಒಟ್ಟಿಗಿದ್ದದ್ದು ಅಲ್ಲಿಯೇ.

ಮನೆಗಳ ಸರದಿ ಕಾನೂನಿನಲ್ಲೂ ತಡವಾಗಿಯೇ ಬಂತು. 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆಮೇಲೆ ಸೇರಿದ 61-ಎ ನಿಯಮ ಭೂಸೋರಿಕೆ ರಕ್ಷಣೆಯನ್ನು ಕಡ್ಡಾಯ ಮಾಡಿತಾದರೂ 5 ಕಿಲೋವಾಟಿಗಿಂತ ಕಡಿಮೆ ಹೊರೆಯ ಸಣ್ಣ ಸ್ಥಾಪನೆಗಳನ್ನು ಅದರಿಂದ ಹೊರಗಿಟ್ಟಿತು. ಭಾಗ್ಯಜ್ಯೋತಿಯ ಒಂದು ಬಲ್ಬಿನ ಮನೆಗಳಿರಲಿ, ಹಳ್ಳಿಯ ಸಾಧಾರಣ ಮನೆಗಳೆಲ್ಲವೂ ಈ ವಿನಾಯಿತಿಯೊಳಗೆ ಬಂದವು. ಅಂದರೆ ಒದ್ದೆ ನೆಲ, ಬರಿಗಾಲು, ಹಳೆಯ ವೈರಿಂಗ್ ಮೂರೂ ಕೂಡುವ ಜಾಗಗಳೇ ರಕ್ಷಣೆಯಿಂದ ತಪ್ಪಿಹೋದವು. ಒಂದು ಬಲ್ಬಿಗೆಂದು ಎಳೆದ ತಂತಿಗೆ ಮುಂದೆ ಮಿಕ್ಸಿ, ಟಿ.ವಿ., ನೀರು ಕಾಯಿಸುವ ರಾಡು ಸೇರಿಕೊಂಡದ್ದನ್ನು ನಿಯಮ ಊಹಿಸಿರಲಿಲ್ಲ. 2010ರಲ್ಲಿ ಬಂದು, 2023ರಲ್ಲಿ ಹೊಸದಾಗಿ ಬರೆಯಲ್ಪಟ್ಟ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಸಾಲಿನಲ್ಲಿ ಮನೆಗಳಿಗೆ 30 ಮಿಲಿಆಂಪಿಯರ್, ಉಳಿದ ಸ್ಥಾಪನೆಗಳಿಗೆ 100 ಮಿಲಿಆಂಪಿಯರ್ ಎಂಬ ಮೇಲ್ಮಿತಿಗಳು ನಿಂತವು. ಬೆಸ್ಕಾಂ ವ್ಯಾಪ್ತಿಯ ಈ ಜಿಲ್ಲೆಯಲ್ಲಿ ಹೊಸ ಸಂಪರ್ಕಕ್ಕೆ ಪರವಾನಗಿ ಪಡೆದ ಗುತ್ತಿಗೆದಾರನ ವೈರಿಂಗ್ ಪೂರ್ಣತಾ ವರದಿ ಬೇಕಾಗುತ್ತದೆ. ಆ ಹಾಳೆಯಲ್ಲಿ ಒಮ್ಮೆ ಬರೆದ ಅಂಕಿಗಳು ಮುಂದಿನ ಇಪ್ಪತ್ತು ಬೇಸಿಗೆಗಳಿಗೂ ಸತ್ಯವೆಂದು ಎಲ್ಲರೂ ನಂಬಿದಂತೆ ನಡೆದುಕೊಳ್ಳುವುದೇ ಸಮಸ್ಯೆಯ ಬೇರು.

ಮನೆಯ ಬೋರ್ಡಿನಲ್ಲಿ

ಆರ್‌ಸಿಸಿಬಿಯನ್ನು ಕೂರಿಸುವುದು ತಿರುಪುಗಳನ್ನು ಬಿಗಿಯುವಷ್ಟೇ ಕೆಲಸವೆಂದು ಕಂಡರೂ ಅದರ ಯಶಸ್ಸು ನ್ಯೂಟ್ರಲ್ಲಿನ ಶಿಸ್ತನ್ನು ಅವಲಂಬಿಸಿದೆ. ಸಾಧನದ ಹೊರಬದಿಯಿಂದ ಹೊರಟ ಫೇಸುಗಳ ನ್ಯೂಟ್ರಲ್ಲುಗಳೆಲ್ಲ ಅದೇ ಸಾಧನದ ಹೊರಬದಿಯ ಪಟ್ಟಿಗೇ ಮರಳಬೇಕು, ಅದರ ಮುಂದೆ ಎಲ್ಲಿಯೂ ನ್ಯೂಟ್ರಲ್ ಅರ್ಥನ್ನು ಮುಟ್ಟಬಾರದು, ಇನ್ನೊಂದು ಮೀಟರಿನ ಅಥವಾ ಇನ್ನೊಂದು ಅಂತಸ್ತಿನ ನ್ಯೂಟ್ರಲ್ಲಿನೊಂದಿಗೆ ಬೆರೆಯಬಾರದು. ಹಳೆಯ ಮನೆಗಳಲ್ಲಿ ಈ ಶಿಸ್ತು ಇರುವುದಿಲ್ಲ, ಏಕೆಂದರೆ ಕಟೌಟ್ ಫ್ಯೂಸುಗಳ ಕಾಲದಲ್ಲಿ ನ್ಯೂಟ್ರಲ್ಲನ್ನು ಹತ್ತಿರ ಸಿಕ್ಕಲ್ಲಿಂದ ಎಳೆದುಕೊಂಡರೂ ದೀಪ ಉರಿಯುತ್ತಿತ್ತು, ಯಾರಿಗೂ ತೊಂದರೆ ಕಾಣುತ್ತಿರಲಿಲ್ಲ. ಅಂಥ ಮನೆಗೆ ಆರ್‌ಸಿಸಿಬಿ ಹಾಕಿದೊಡನೆ, ಮಹಡಿಯ ಮೆಟ್ಟಿಲಿನ ದೀಪ ಹಚ್ಚಿದಾಗಲೆಲ್ಲ ಅದು ಬೀಳತೊಡಗುತ್ತದೆ. ಫೇಸ್ ಕೆಳಗಿನ ಬೋರ್ಡಿನದು, ನ್ಯೂಟ್ರಲ್ ಮೇಲಿನ ಬೋರ್ಡಿನದು ಆಗಿರುವ ಕಾರಣ ಹೋದದ್ದು ಮರಳಿ ಬರಲಿಲ್ಲವೆಂಬ ಅದರ ಎಣಿಕೆ ಸರಿಯಾಗಿಯೇ ಇರುತ್ತದೆ. ಆದರೆ ದೂರು ಬರುವುದು ಸಾಧನದ ಮೇಲೆ, ಪರಿಹಾರವೆಂದು ನಡೆಯುವುದು ‘ಡೈರೆಕ್ಟ್’ ಕೊಡುವ ಕೆಲಸ, ಅಂದರೆ ಸಾಧನವನ್ನು ಬಿಟ್ಟು ತಂತಿಗಳನ್ನು ನೇರವಾಗಿ ಜೋಡಿಸಿ, ಅದನ್ನು ಬೋರ್ಡಿನಲ್ಲಿ ಅಲಂಕಾರಕ್ಕೆ ಉಳಿಸುವುದು.

ಕರೆಂಟು ಹೋದಾಗ ದೀಪ ಫ್ಯಾನುಗಳನ್ನು ನಡೆಸುವ ಯುಪಿಎಸ್ ಈ ಗೋಜಲನ್ನು ಇನ್ನಷ್ಟು ಬಿಗಿಮಾಡಿದೆ. ಮನೆ ಕಟ್ಟಿ ಮುಗಿದ ಮೇಲೆ ಬರುವ ಯುಪಿಎಸ್‌ಗೆ ಸಾಮಾನ್ಯವಾಗಿ ಫೇಸನ್ನು ಮಾತ್ರ ಬೇರೆ ಮಾಡಿ ಎಳೆದು, ನ್ಯೂಟ್ರಲ್ಲನ್ನು ಇದ್ದದ್ದರೊಂದಿಗೇ ಸೇರಿಸುತ್ತಾರೆ. ಯುಪಿಎಸ್‌ನ ಒಳಹರಿವು ಆರ್‌ಸಿಸಿಬಿಯ ಒಂದು ಬದಿಯಿಂದ, ಅದರ ದೀಪಗಳ ನ್ಯೂಟ್ರಲ್ ಇನ್ನೊಂದು ಬದಿಗೆ ಸೇರಿದ್ದರೆ ಕರೆಂಟು ಬಂದ ಕ್ಷಣದಲ್ಲೇ ಸಾಧನ ಬೀಳುತ್ತದೆ. ಸರಿಯಾದ ಕ್ರಮವೆಂದರೆ ಯುಪಿಎಸ್‌ನ ಸಾಲುಗಳಿಗೆ ಪ್ರತ್ಯೇಕ ನ್ಯೂಟ್ರಲ್ ಪಟ್ಟಿ, ಅದರ ಹೊರಹರಿವಿಗೆ ಪ್ರತ್ಯೇಕ ಆರ್‌ಸಿಸಿಬಿ, ಮತ್ತು ತಯಾರಕರ ನಕ್ಷೆಯಂತೆ ಆ ನ್ಯೂಟ್ರಲ್ಲಿಗೆ ಬ್ಯಾಟರಿಯ ಮೇಲೆ ನಡೆಯುವಾಗಲೂ ಭೂಮಿಯ ಆಧಾರ. ಈ ಆಧಾರ ಕಡಿದುಹೋಗಿದ್ದರೆ ಸೋರಿಕೆಗೆ ಮರಳುವ ಹಾದಿಯೇ ಇಲ್ಲದೆ ಸಾಧನ ಮೊದಲ ದೋಷವನ್ನು ಕಾಣದೆ ಕೂರುತ್ತದೆ. ಆದ್ದರಿಂದ ಯುಪಿಎಸ್ ಇರುವ ಮನೆಯಲ್ಲಿ ಪರೀಕ್ಷೆಯನ್ನು ಎರಡು ಬಾರಿ, ಲೈನ್ ಕರೆಂಟಿನ ಮೇಲೊಮ್ಮೆ ಮತ್ತು ಬ್ಯಾಟರಿಯ ಮೇಲೊಮ್ಮೆ, ಮಾಡದೆ ಮುಗಿಯಿತೆನ್ನುವಂತಿಲ್ಲ.

ಸಾಧನದ ಬಗೆಯೂ ಗಮನಿಸಬೇಕಾದದ್ದು. ‘ಎಸಿ’ ಬಗೆಯದು ಅಲೆಯಂತೆ ಏರಿಳಿಯುವ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಇನ್ವರ್ಟರ್ ಮೋಟರಿನ ವಾಷಿಂಗ್ ಮೆಷಿನ್, ಎಲ್‌ಇಡಿ ದೀಪ, ಕಂಪ್ಯೂಟರ್ ಮುಂತಾದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ದೋಷವಾದಾಗ ಸೋರಿಕೆ ಒಂದೇ ದಿಕ್ಕಿನ ತುಂಡುಗಳಾಗಿ ಬರುವುದರಿಂದ ಅಲ್ಲಿ ‘ಎ’ ಬಗೆಯದೇ ಬೇಕು. ಇಂಥ ಉಪಕರಣಗಳು ದೋಷವಿಲ್ಲದಿದ್ದರೂ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತವೆ. ಆ ನಿತ್ಯದ ಸೋರಿಕೆಯ ಮೊತ್ತ ಸಾಧನದ ಅಂಕಿತದ ಮೂರನೆಯ ಒಂದು ಭಾಗವನ್ನು, ಅಂದರೆ 30ರ ಸಾಧನಕ್ಕೆ 10 ಮಿಲಿಆಂಪಿಯರ್ ಅನ್ನು ದಾಟಿದರೆ, ಕಾರಣವಿಲ್ಲದೆ ಬೀಳುವ ರೋಗ ಶುರುವಾಗುತ್ತದೆ. ಇಡೀ ಮನೆಗೆ ಒಂದೇ ಸಾಧನ ಹಾಕುವ ಬದಲು ಬಚ್ಚಲು ಮತ್ತು ಅಡುಗೆಮನೆಗೆ ಒಂದು, ಉಳಿದ ಭಾಗಕ್ಕೆ ಇನ್ನೊಂದು ಎಂದು ಹಂಚಿದರೆ ಈ ರೋಗ ಬಹುಪಾಲು ವಾಸಿಯಾಗುತ್ತದೆ. ದೊಡ್ಡ ಕಟ್ಟಡಗಳಲ್ಲಿ ಇವೆಲ್ಲದರ ಮೇಲೆ, ಬೇಕೆಂದೇ ಸ್ವಲ್ಪ ತಡಮಾಡಿ ಬೀಳುವ ‘ಎಸ್’ ಬಗೆಯ 100 ಅಥವಾ 300 ಮಿಲಿಆಂಪಿಯರ್‌ನ ಸಾಧನವನ್ನು ಇಡುತ್ತಾರೆ, ಒಂದು ಕೊಠಡಿಯ ದೋಷಕ್ಕೆ ಇಡೀ ಕಟ್ಟಡ ಕತ್ತಲಾಗದಿರಲೆಂದು. ಆರ್‌ಸಿಸಿಬಿಗೆ ಹೆಚ್ಚು ಹೊರೆಯ ಪರಿಜ್ಞಾನವಿಲ್ಲದ ಕಾರಣ ಎಂಸಿಬಿಯನ್ನು ಅದು ಬದಲಿಸುವುದಿಲ್ಲ, ಎರಡೂ ಜೊತೆಗಿರಬೇಕು. ಒಂದು ಕೈ ಫೇಸನ್ನೂ ಇನ್ನೊಂದು ಕೈ ನ್ಯೂಟ್ರಲ್ಲನ್ನೂ ಹಿಡಿದವನನ್ನು ಅದು ಉಳಿಸಲಾರದೆಂಬುದೂ ಗೊತ್ತಿರಬೇಕು. ಅವನ ದೇಹ ಅದಕ್ಕೆ ಇನ್ನೊಂದು ಬಲ್ಬಿನಂತೆಯೇ ಕಾಣುತ್ತದೆ.

ಬೋರ್‌ವೆಲ್ಲಿನ ಬಳಿ

ಹೊಳಲ್ಕೆರೆ ಮತ್ತು ಹೊಸದುರ್ಗದ ಅಡಿಕೆ ತೆಂಗಿನ ತೋಟಗಳಲ್ಲಿ, ಹಿರಿಯೂರಿನ ದಾಳಿಂಬೆಯ ಹೊಲಗಳಲ್ಲಿ ಬದುಕನ್ನು ನಡೆಸುತ್ತಿರುವುದು ಕೊಳವೆಬಾವಿಯೊಳಗಿನ ಸಬ್‌ಮರ್ಸಿಬಲ್ ಮೋಟರುಗಳು. ಮನೆಯ ವೈರಿಂಗಿಗೆ ಒಮ್ಮೆಯಾದರೂ ತಪಾಸಣೆ ಸಿಕ್ಕರೆ, ಪಂಪ್‌ಶೆಡ್ಡಿನ ಪೆಟ್ಟಿಗೆಗೆ ಅದೂ ಸಿಗುವುದು ಅಪರೂಪ. ತ್ರೀಫೇಸ್ ಕರೆಂಟು ದಿನದ ಕೆಲವೇ ಗಂಟೆ, ಹಲವು ಸಲ ರಾತ್ರಿಯ ಪಾಳಿಯಲ್ಲಿ ಬರುವುದರಿಂದ ರೈತ ಕತ್ತಲಲ್ಲಿ, ಒದ್ದೆ ಪಾತಿಯಲ್ಲಿ ನಿಂತು, ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆಯುತ್ತಾನೆ. ಆ ಪೆಟ್ಟಿಗೆಯ ಅರ್ಥ್ ತಂತಿಯನ್ನು ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗೆ ಕಟ್ಟುವ ವಾಡಿಕೆಯಿದೆ. ಕೇಸಿಂಗ್ ಕಬ್ಬಿಣದ್ದಾಗಿದ್ದಾಗ ಅದು ಹಲವು ಅಡಿ ಆಳದ ಉತ್ತಮ ಅರ್ಥಿಂಗೇ ಆಗಿತ್ತು. ಪಿವಿಸಿ ಕೇಸಿಂಗ್ ಬಂದ ಮೇಲೂ ಬಾವಿಯ ಬಾಯಿಯ ಲೋಹದ ಪಟ್ಟಿಗೆ ಅದೇ ತಂತಿಯನ್ನು ಕಟ್ಟುವುದು ಮುಂದುವರಿದಿದ್ದರೆ, ಆ ತಂತಿ ಭೂಮಿಯನ್ನು ಮುಟ್ಟುವುದೇ ಇಲ್ಲ.

ಪಂಪ್‌ಸೆಟ್ಟಿಗೆ ಯಾವ ಅಂಕಿತದ ಸಾಧನ ಎಂಬ ಪ್ರಶ್ನೆಗೆ ನೆಲವನ್ನು ಅಳೆಯದೆ ಉತ್ತರ ಹೇಳುವಂತಿಲ್ಲ. ನೀರಿನಲ್ಲಿ ಮುಳುಗಿದ ಮೋಟರಿಗೂ ನೂರಾರು ಅಡಿ ಇಳಿಬಿಟ್ಟ ಕೇಬಲ್ಲಿಗೂ ಸ್ವಾಭಾವಿಕ ಸೋರಿಕೆ ಇದ್ದೇ ಇರುವುದರಿಂದ 30 ಮಿಲಿಆಂಪಿಯರ್‌ನ ಸಾಧನ ಪದೇ ಪದೇ ಬೀಳಬಹುದು, ಬೇಸತ್ತ ರೈತ ಅದನ್ನು ತೆಗೆಸಬಹುದು. ಹಾಗೆಂದು ಅಂಗಡಿಯವನು ಕೊಟ್ಟ 300ರ ಸಾಧನವನ್ನು ಹಾಕಿದರೆ ಇನ್ನೊಂದು ಅಪಾಯವಿದೆ. ಲೋಹದ ಮೈಯ ವೋಲ್ಟೇಜು 50ನ್ನು ಮೀರಬಾರದೆಂಬುದು ಅಂಗೀಕೃತ ಮಿತಿ. ಆ 50ನ್ನು ಸಾಧನದ ಅಂಕಿತದಿಂದ ಭಾಗಿಸಿದರೆ ಅರ್ಥಿಂಗಿನ ರೋಧ ಎಷ್ಟರವರೆಗೆ ಇರಬಹುದೆಂಬುದು ಸಿಗುತ್ತದೆ: 30ಕ್ಕೆ 1667 ಓಮ್, 100ಕ್ಕೆ 500 ಓಮ್, 300ಕ್ಕೆ 167 ಓಮ್. ಕಲ್ಲುನೆಲದ 350 ಓಮ್ ಪೈಪಿನ ಮೇಲೆ 300ರ ಸಾಧನವಿದ್ದರೆ ಸ್ಟಾರ್ಟರ್ ಪೆಟ್ಟಿಗೆ ನೂರು ವೋಲ್ಟಿನವರೆಗೂ ಏರಿ ಸಾಧನ ಬೀಳದೆ ಇರಬಹುದು. 100ರ ಸಾಧನವಿದ್ದರೆ 35 ವೋಲ್ಟಿನಲ್ಲೇ ಬೀಳುತ್ತದೆ. ಹೀಗೆ, ಕಾನೂನು ಮನೆಯಲ್ಲದ ಸ್ಥಾಪನೆಗಳಿಗೆ ಹೇಳುವ 100 ಮಿಲಿಆಂಪಿಯರ್ ಈ ಜಿಲ್ಲೆಯ ತೋಟಗಳಿಗೆ ಗಣಿತದಿಂದಲೂ ಒಪ್ಪುತ್ತದೆ. 1667 ಓಮ್ ಎಂಬ ಸಂಖ್ಯೆಯನ್ನು ನೋಡಿ ಅರ್ಥಿಂಗೇ ಬೇಡವೆಂದುಕೊಳ್ಳುವುದು ಮಾತ್ರ ತಪ್ಪು. ಅರ್ಥ್ ತಂತಿಯಿದ್ದರೆ ದೋಷ ಹುಟ್ಟಿದ ಕ್ಷಣವೇ ಸಾಧನ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

ತ್ರೀಫೇಸ್ ಪಂಪಿಗೆ ನಾಲ್ಕು ಧ್ರುವಗಳ ಆರ್‌ಸಿಸಿಬಿ ಹಾಕಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಮೂರು ಫೇಸುಗಳ ಪ್ರವಾಹಗಳ ಮೊತ್ತ ಸೊನ್ನೆಯಾಗುವುದರಿಂದ ನ್ಯೂಟ್ರಲ್ ಇಲ್ಲದೆಯೂ ಸಾಧನ ಸೋರಿಕೆಯನ್ನು ಸರಿಯಾಗಿ ಗುರುತಿಸುತ್ತದೆ. ಆದರೆ ಹಲವು ಸಾಧನಗಳಲ್ಲಿ ಪರೀಕ್ಷಾ ಗುಂಡಿಯ ಒಳದಾರಿ ನ್ಯೂಟ್ರಲ್ ಧ್ರುವಕ್ಕೆ ಕಟ್ಟಿರುವುದರಿಂದ ಶೆಡ್ಡಿಗೆ ನ್ಯೂಟ್ರಲ್ ತಂದಿಲ್ಲದಿದ್ದರೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಒಳ್ಳೆಯ ಸಾಧನವೊಂದು ಕೆಟ್ಟಿದೆಯೆಂದು ಮೂಲೆ ಸೇರುವುದು ಹೀಗೆ. ತಯಾರಕರ ನಕ್ಷೆಯನ್ನು ನೋಡಿ ಜೋಡಿಸುವುದು, ಇಲ್ಲವೇ ಮೂರೂ ತಂತಿಗಳನ್ನು ಹೊರಗಿನ ಒಂದು ಬಳೆಯಲ್ಲಿ ಹಾಯಿಸಿ ಸ್ಟಾರ್ಟರಿನ ಕಾಯಿಲನ್ನು ಬಿಡಿಸುವ ಭೂಸೋರಿಕೆ ರಿಲೇಯನ್ನು ಬಳಸುವುದು, ಇವೆರಡು ಇದಕ್ಕಿರುವ ಹಾದಿಗಳು. ಆ ಬಳೆಯೊಳಗೆ ಅರ್ಥ್ ತಂತಿಯನ್ನೂ ಸೇರಿಸಿ ಹಾಯಿಸಿದರೆ ಹೋದ ಸೋರಿಕೆ ಅದೇ ಬಳೆಯಲ್ಲಿ ಮರಳಿ ಲೆಕ್ಕ ಸರಿಹೋಗಿ ರಿಲೇ ಕುರುಡಾಗುತ್ತದೆ. ಜೋಡಣೆಯ ತಪ್ಪುಗಳಲ್ಲಿ ಇದು ಸುಲಭವಾಗಿ ಆಗುವಂಥದ್ದು.

ಜಿಲ್ಲೆಯ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವ ಎಂಜಿನಿಯರುಗಳು ಈ ನೆಲದ ಸ್ವಭಾವವನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತಾರೆ. ಗಾಳಿಯಂತ್ರಗಳಿಗೆ ಅರ್ಥಿಂಗ್ ಮಾಡುವಾಗ ಬಂಡೆಯಲ್ಲಿ ಒಂದು ಪೈಪನ್ನು ನಂಬದೆ, ಅಡಿಪಾಯದ ಕಬ್ಬಿಣವನ್ನೂ ಸುತ್ತ ಹೂಳುವ ಲೋಹದ ಉಂಗುರವನ್ನೂ ಒಟ್ಟಿಗೆ ಬಳಸುವುದು ಆ ಕೆಲಸದ ರೂಢಿ. ಮನೆಗಳಿಗೆ ಇದರ ಸಣ್ಣ ರೂಪ ಅಸಾಧ್ಯವೇನಲ್ಲ. ಅಡಿಪಾಯ ಹಾಕುವಾಗಲೇ ಕಬ್ಬಿಣದಿಂದ ಒಂದು ಪಟ್ಟಿಯನ್ನು ಹೊರತೆಗೆದಿಟ್ಟರೆ ಸಾಕು. ಇದ್ದಿಲು ಉಪ್ಪು ತುಂಬಿದ ಗುಂಡಿ ಮೊದಲ ಕೆಲವು ವರ್ಷ ಒದಗುತ್ತದೆ, ಬಳಿಕ ಉಪ್ಪು ಮಳೆಗೆ ತೊಳೆದುಹೋಗಿ, ಹೋಗುವ ಮೊದಲು ಜಿ.ಐ. ಪೈಪನ್ನೂ ತಿಂದಿರುತ್ತದೆ. ತೋಟದಲ್ಲಿ ಪೈಪನ್ನು ತೊಟ್ಟಿಯ ಉಕ್ಕು ಹರಿಯುವ ಕಡೆ, ಇಲ್ಲವೇ ಹನಿ ನೀರಾವರಿಯ ಫಿಲ್ಟರ್ ತೊಳೆದ ನೀರು ಬೀಳುವ ಕಡೆ ಹೂತರೆ ಬೇಸಿಗೆಯಲ್ಲೂ ತೇವ ತಾನಾಗಿ ಸಿಗುತ್ತದೆ. ಎರಡು ಪೈಪು ಹೂಳುವುದಾದರೆ ಅವುಗಳ ನಡುವೆ ಪೈಪಿನ ಉದ್ದದ ಎರಡು ಪಟ್ಟಾದರೂ ಅಂತರವಿರಬೇಕು. ಒಂದೇ ಗುಂಡಿಯಲ್ಲಿ ಜೋಡಿ ಪೈಪು ಇಳಿಸಿದರೆ ಖರ್ಚು ಮಾತ್ರ ಇಮ್ಮಡಿಯಾಗುತ್ತದೆ.

ಪರೀಕ್ಷೆಯ ಎರಡು ಕಾಲ

ಪರೀಕ್ಷೆಗಳಲ್ಲಿ ಮನೆಯವರು ಮಾಡಬಹುದಾದದ್ದು ಒಂದೇ, ಸಾಧನದ ಮುಖದ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವುದು. ಗುಂಡಿ ಒಳಗಿನ ಸಣ್ಣ ರೋಧಕದ ಮೂಲಕ ಬೇಕೆಂದೇ ಅಸಮತೋಲ ಹುಟ್ಟಿಸುತ್ತದೆ. ಸಾಧನ ಬಿದ್ದರೆ ಅದರ ಕೊಕ್ಕೆ ಸೆಟೆದುಕೊಂಡಿಲ್ಲವೆಂದು ಗೊತ್ತಾಗುತ್ತದೆ, ವರ್ಷಗಟ್ಟಲೆ ಒತ್ತದೆ ಬಿಟ್ಟ ಸಾಧನ ಧೂಳು ಜಿಡ್ಡಿನಿಂದ ಬಿಗಿದು ಬೀಳದೆ ಹೋಗುವ ಸಂಭವವೂ ಇದೆ. ಆದರೆ ಆ ಪರೀಕ್ಷೆಯ ಪ್ರವಾಹ ಅರ್ಥ್ ತಂತಿಯನ್ನು ಮುಟ್ಟುವುದೇ ಇಲ್ಲವಾದ ಕಾರಣ ಅರ್ಥಿಂಗ್ ತುಂಡಾಗಿದ್ದರೂ ಗುಂಡಿ ಎಂದಿನಂತೆ ಕೆಲಸ ಮಾಡುತ್ತದೆ. ಎಷ್ಟು ಬೇಗ ಬಿತ್ತು ಎಂಬುದನ್ನೂ ಅದು ಹೇಳುವುದಿಲ್ಲ.

ಉಳಿದದ್ದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ ಕೆಲಸ. ಮೊದಲು ಮೇನ್ ಆಫ್ ಮಾಡಿ ಅರ್ಥ್ ತಂತಿ ಬೋರ್ಡಿನಿಂದ ಪ್ರತಿ ಪ್ಲಗ್ಗಿನವರೆಗೆ ಅಖಂಡವಾಗಿದೆಯೇ ಎಂದು ನೋಡುವುದು. ಬಳಿಕ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕಳಚಿ, 500 ವೋಲ್ಟಿನ ಮೆಗ್ಗರಿನಿಂದ ಫೇಸ್ ಮತ್ತು ನ್ಯೂಟ್ರಲ್ಲನ್ನು ಅರ್ಥಿಗೆ ಅಳೆದು ಇನ್ಸುಲೇಷನ್ ಒಂದು ಮೆಗಓಮ್‌ಗಿಂತ ಮೇಲಿದೆಯೇ ಎಂದು ತಿಳಿಯುವುದು. ನ್ಯೂಟ್ರಲ್ಲನ್ನು ಅಳೆಯದೆ ಬಿಡುವವರು ಅನೇಕರು. ಫೇಸ್ ಸರಿಯಿದ್ದು ನ್ಯೂಟ್ರಲ್ ಗೋಡೆಯೊಳಗೆ ಅರ್ಥನ್ನು ತಾಗಿರುವುದೇ ಒಮ್ಮೆ ಬಿದ್ದು ಒಮ್ಮೆ ನಿಲ್ಲುವ ಸಾಧನಗಳ ಸಾಮಾನ್ಯ ಕಾರಣ. ಅರ್ಥಿಂಗಿನ ರೋಧ ಅಳೆಯಲು ಪೈಪಿನ ತಂತಿಯನ್ನು ಬಿಡಿಸಿ, ಅಲ್ಲಿಂದ ಸುಮಾರು 30 ಮೀಟರ್ ದೂರದಲ್ಲಿ ಒಂದು ಮೊಳೆ, ಅದರ ನಡುವೆ ಶೇಕಡ 62ರ ದೂರದಲ್ಲಿ, ಅಂದರೆ ಸುಮಾರು 18.6 ಮೀಟರಿನಲ್ಲಿ ಇನ್ನೊಂದು ಮೊಳೆ ಹೊಡೆದು ಅರ್ಥ್ ಟೆಸ್ಟರಿಗೆ ಜೋಡಿಸುತ್ತಾರೆ. ನಡುವಣ ಮೊಳೆಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದಾಗಲೂ ಓದು ಬದಲಾಗದಿದ್ದರೆ ಅದು ನಂಬಬಹುದಾದ ಅಂಕಿ. ಮೊಳೆಯೇ ಇಳಿಯದ ಬಂಡೆಯ ಮೇಲೆ ಉಪ್ಪುನೀರಿನಲ್ಲಿ ನೆನೆದ ಗೋಣಿಚೀಲದ ಕೆಳಗೆ ಅದನ್ನು ಮಲಗಿಸಿದರೂ ಕೆಲಸ ನಡೆಯುತ್ತದೆ.

ಕೊನೆಗೆ, ಮತ್ತೆ ಎಲ್ಲವನ್ನೂ ಜೋಡಿಸಿ ವಿದ್ಯುತ್ ಕೊಟ್ಟ ಮೇಲೆ, ಆರ್‌ಸಿಸಿಬಿ ಟೆಸ್ಟರಿನಿಂದ ಪ್ಲಗ್ಗಿನಲ್ಲಿ ಮೂರು ಹಂತದ ಪರೀಕ್ಷೆ ನಡೆಯುತ್ತದೆ. ಅಂಕಿತದ ಅರ್ಧ, ಅಂದರೆ 15 ಮಿಲಿಆಂಪಿಯರ್ ಹರಿಸಿದಾಗ ಬೀಳಬಾರದು. ಪೂರ್ತಿ 30 ಹರಿಸಿದಾಗ 300 ಮಿಲಿಸೆಕೆಂಡಿನೊಳಗೆ, ಐದು ಪಟ್ಟು, ಎಂದರೆ 150 ಹರಿಸಿದಾಗ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಅಲೆಯ ಏರುಮುಖದಲ್ಲೊಮ್ಮೆ, ಇಳಿಮುಖದಲ್ಲೊಮ್ಮೆ ಇವನ್ನು ಮಾಡಿ ಎರಡರಲ್ಲಿ ಹೆಚ್ಚಿನ ಕಾಲವನ್ನು ಬರೆದುಕೊಳ್ಳಬೇಕು. ಅರ್ಧದಲ್ಲೇ ಬಿದ್ದರೆ ಸಾಧನ ಕೆಟ್ಟಿದೆಯೆಂದು ಒಡನೆ ತೀರ್ಮಾನಿಸದೆ, ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ ಹೊರಬದಿಯ ನ್ಯೂಟ್ರಲ್ಲನ್ನೂ ಬಿಡಿಸಿ, ಸಾಧನವೊಂದನ್ನೇ ಮತ್ತೆ ಪರೀಕ್ಷಿಸುವುದು ವಿವೇಕ. ಆಗ ನಿಂತರೆ ಮನೆಯೊಳಗೆ ಈಗಾಗಲೇ ಸೋರುತ್ತಿದೆ ಎಂದರ್ಥ, ಆ ಸೋರಿಕೆಯನ್ನು ಮಿಲಿಆಂಪಿಯರ್ ಓದಬಲ್ಲ ಟಾಂಗ್ ಟೆಸ್ಟರಿನೊಳಗೆ ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು ಸಾಲು ಸಾಲಾಗಿ ಪತ್ತೆಹಚ್ಚಬಹುದು.

ಈ ಪರೀಕ್ಷೆಗಳ ಕಾಲವನ್ನು ಜಿಲ್ಲೆಯ ಋತುಮಾನವೇ ಸೂಚಿಸುತ್ತದೆ. ಅರ್ಥಿಂಗಿನ ಅಳತೆ ಏಪ್ರಿಲಿನಲ್ಲಿ ಆಗಬೇಕು, ನೆಲ ಅತಿ ಹೆಚ್ಚು ಒಣಗಿರುವಾಗ. ಮಳೆ ಬಿದ್ದ ವಾರದಲ್ಲಿ ಸಿಕ್ಕ ಒಳ್ಳೆಯ ಅಂಕಿ ಯಾರನ್ನೂ ಕಾಯುವುದಿಲ್ಲ. ಇನ್ಸುಲೇಷನ್ನಿನ ಅಳತೆಗೆ ಇದಕ್ಕೆ ತದ್ವಿರುದ್ಧ ಕಾಲ ಸರಿ, ಇಲ್ಲಿ ಮಳೆ ಹೆಚ್ಚು ಬೀಳುವ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ, ಗೋಡೆಗಳು ನೀರು ಕುಡಿದು ಪೈಪುಗಳೊಳಗಿನ ಹಳೆಯ ಜೋಡಣೆಗಳು ಒದ್ದೆಯಾಗಿರುವಾಗ. 1933ರ ಬಳಿಕ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದ 2022ರಂಥ ವರ್ಷಗಳಲ್ಲಿ, ತಗ್ಗಿನ ಮನೆಗಳ ಬೋರ್ಡುಗಳನ್ನು ನೀರಿಳಿದ ಕೂಡಲೇ ಹಚ್ಚದೆ, ಒಣಗಿಸಿ ಮೆಗ್ಗರ್ ಹಿಡಿದ ಮೇಲೆಯೇ ಚಾಲೂ ಮಾಡುವುದು ಕ್ಷೇಮ. ಗಣಪತಿ ಪೆಂಡಾಲುಗಳು ಏಳುವುದೂ ಇದೇ ಮಳೆಯ ದಿನಗಳಲ್ಲಿ. ಕಬ್ಬಿಣದ ಕಂಬ, ತಗಡಿನ ಚಪ್ಪರ, ಸೀರಿಯಲ್ ಸೆಟ್ಟಿನ ಬಿಚ್ಚಿದ ಜೋಡಣೆಗಳಿರುವ ಅಲ್ಲಿ 30 ಮಿಲಿಆಂಪಿಯರ್‌ನ ಸಾಧನವನ್ನು ಸರ್ವೀಸ್ ವೈರಿನ ಮೊದಲ ಪೆಟ್ಟಿಗೆಯಲ್ಲೇ ಹಾಕಬೇಕು.

ಕೊಳವೆಬಾವಿಗೆ ಮಾತ್ರ ಪಂಚಾಂಗ ನೋಡಬೇಕಿಲ್ಲ. ಅಂತರ್ಜಲ ಕೆಳಗಿಳಿದಂತೆಲ್ಲ ಮೋಟರನ್ನು ಎತ್ತಿ ಇನ್ನಷ್ಟು ಆಳಕ್ಕೆ ಬಿಡುತ್ತಾರೆ, ಪ್ರತಿ ಸಲವೂ ಕೇಬಲ್ಲಿಗೆ ಒಂದು ಹೊಸ ಜಾಯಿಂಟ್ ಸೇರುತ್ತದೆ. ಫೇಸ್ ಒಂದು ಇಲ್ಲದಾಗ ಕಂಡೆನ್ಸರ್ ಇಟ್ಟು ಓಡಿಸಿದ ಮೋಟರು ಕಾದು ಕಾದು ಅದರ ಸುತ್ತುಗಳ ಇನ್ಸುಲೇಷನ್ ಸೊರಗಿರುತ್ತದೆ. ಮೋಟರು ಮೇಲೆ ಬಂದಾಗ ರಿವೈಂಡಿಂಗ್ ಅಂಗಡಿಯಲ್ಲೇ ಒಮ್ಮೆ, ಕೇಬಲ್ ಜೋಡಿಸಿ ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ಮೆಗ್ಗರ್ ಹಿಡಿದು, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಟ್ರಿಪ್ ಪರೀಕ್ಷೆ ಮಾಡಿ, ದಿನಾಂಕದೊಂದಿಗೆ ಇನ್ಸುಲೇಷನ್, ಅರ್ಥಿಂಗಿನ ರೋಧ, ಬಿದ್ದ ಕಾಲ ಈ ಮೂರು ಅಂಕಿಗಳನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಬಣ್ಣದಲ್ಲಿ ಬರೆದಿಟ್ಟರೆ, ಮುಂದಿನ ಸಲ ಮೋಟರು ಎತ್ತಲು ಬಂದವರಿಗೆ ಸೋರಿಕೆ ಕೇಬಲ್ಲಿನದೋ ನೆಲದ್ದೋ ಎಂದು ಅಲ್ಲಿಯೇ ತಿಳಿಯುತ್ತದೆ.